ವ್ಯಾಟ್ ಜಾಸ್ತಿ ಇದ್ದರೂ ಬೆಟ್ಟದಲ್ಲಿ ಹಿಂದೆ ಬಿದ್ದಿದ್ದೇಕೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನನ್ನದು ರೇಷ್ಮೆ ವ್ಯಾಪಾರ. ತೂಕ 64 ಕೆ.ಜಿ., ಎಫ್‌ಟಿಪಿ (ಸುಮಾರು ಒಂದು ಗಂಟೆ ತಾಳಬಲ್ಲ ಶಕ್ತಿ) 250 ವ್ಯಾಟ್. ಜೊತೆಗೆ ಸೈಕಲ್ ತುಳಿಯುವ ಗೆಳೆಯನ ತೂಕ 54, ಎಫ್‌ಟಿಪಿ 225. ಮೊನ್ನೆ ನಮ್ಮ ಗುಂಪಿನವರೇ ಒಂದು ರೇಸ್ ಇಟ್ಟುಕೊಂಡಿದ್ದೆವು. 40 ಕಿಲೋಮೀಟರ್ ಬಯಲು ರಸ್ತೆ, ಕೊನೆಗೆ ನಂದಿ ಬೆಟ್ಟ. ಬುಡದವರೆಗೆ ಹೆಚ್ಚುಕಮ್ಮಿ ನಾನೇ ಗುಂಪಿನ ಮುಂದಿದ್ದು ಎಳೆದೆ. ಯಾರಾದರೂ ಜಿಗಿದು ಓಡಿದರೆ ಬೆನ್ನಟ್ಟಿದ್ದೂ ನಾನೇ. ಬಯಲಿನಲ್ಲಿ ನನ್ನ ಸರಾಸರಿ 215 ವ್ಯಾಟ್, ಅವನದು ಬರೀ 155. ಆದರೂ ಅರ್ಧ ಬೆಟ್ಟದಲ್ಲಿ ಬಿಟ್ಟು ಹೋದ. ತರಬೇತಿ ಸಾಲದಾ, ವ್ಯಾಟ್ ಅಳೆಯುವ ಪವರ್ ಮೀಟರ್ ಸುಳ್ಳು ಹೇಳುತ್ತಿದೆಯಾ?

ಉತ್ತರ: ಮೀಟರ್ ಸರಿಯಾಗೇ ಇದೆ ಸ್ವಾಮಿ. ನಿಮ್ಮ 215ರ ಪಕ್ಕ ಅವನ 155 ಬರೆದು ನೋಡಿ, ರೇಸ್ ಅಲ್ಲೇ ಮುಗಿದಿದೆ. ಸರಾಸರಿ ವ್ಯಾಟ್ ಜಾಸ್ತಿ ಬಂತು ಅಂತ ನನ್ನ ಸೈಕಲ್ ಅಂಗಡಿಗೆ ಬಂದು ಫೋನ್ ತೋರಿಸುವವರು ತುಂಬಾ ಜನ. ನಾನು ಚೈನಿಗೆ ಎಣ್ಣೆ ಬಿಡುತ್ತಾ ಒಂದೇ ಮಾತು ಕೇಳುತ್ತೇನೆ: ಅದನ್ನು ಯಾರಿಗೋಸ್ಕರ ತುಳಿದಿರಿ?

ಬಯಲಿನಲ್ಲಿ ನಿಮ್ಮ ಶಕ್ತಿಯ ಬಹುಪಾಲು ಗಾಳಿಗೇ ಹೋಗುತ್ತದೆ. ಗಂಟೆಗೆ 30 ಕಿಲೋಮೀಟರಿನಿಂದ 36ಕ್ಕೆ ಹೋದರೆ ವೇಗ ಏರುವುದು ಶೇ. 20. ಗಾಳಿ ಕೇಳುವ ವ್ಯಾಟ್ ಮಾತ್ರ ಶೇ. 70ಕ್ಕೂ ಜಾಸ್ತಿ ಏರುತ್ತದೆ. ಮುಂದಿನ ಚಕ್ರಕ್ಕೆ ಹತ್ತಿರ, ಗಾಳಿ ಮರೆಯಲ್ಲಿ ಕೂತವನಿಗೆ ಸುಮಾರು ಮೂರನೇ ಒಂದು ಭಾಗ ಉಳಿತಾಯ. ನೀವು ಮುಂದೆ 230 ತುಳಿಯುವಾಗ ಅವನು 160ರಲ್ಲಿ ಹಿಂದೆ ಬಂದಿದ್ದಾನೆ. ನಿಮ್ಮ ಬೆನ್ನೇ ಅವನಿಗೆ ಗೋಡೆ.

ಇನ್ನೊಂದು ಸೋರಿಕೆ ಆ ಬೆನ್ನಟ್ಟಾಟದಲ್ಲಿ. ಎಫ್‌ಟಿಪಿ ಅಂದರೆ ಸುಮಾರು ಒಂದು ಗಂಟೆ ತಾಳಿಕೊಂಡು ತುಳಿಯಬಲ್ಲ ವ್ಯಾಟ್. ಅದರ ಮೇಲೆ ತುಳಿಯುವುದಕ್ಕೆ ದೇಹದಲ್ಲಿ ಬೇರೆಯೇ ಒಂದು ಸಣ್ಣ ದಾಸ್ತಾನು ಇರುತ್ತದೆ. ನಿಮ್ಮದು 15 ಕಿಲೋಜೂಲ್ ಎಂದುಕೊಳ್ಳಿ. 400 ವ್ಯಾಟಿನಲ್ಲಿ 20 ಸೆಕೆಂಡ್ ಜಿಗಿದರೆ ಮೂರು ಕಿಲೋಜೂಲ್ ಖಾಲಿ. ಬಿಡುವಿಲ್ಲದೆ ಐದು ಸಲ ಜಿಗಿದರೆ ಏನೂ ಉಳಿಯಲ್ಲ. ನಮ್ಮ ಕಡೆಯ ಬೋರ್‌ವೆಲ್ ಹಾಗೇ ಅಲ್ವಾ, ನೀರು ನಿಂತ ಮೇಲೂ ಮೋಟರ್ ಓಡಿಸಿದರೆ ಬರೋದು ಗಾಳಿ ಮಾತ್ರ. ಎಫ್‌ಟಿಪಿಗಿಂತ ಸಾಕಷ್ಟು ಕೆಳಗೆ ತುಳಿದರೆ ದಾಸ್ತಾನು ನಿಧಾನಕ್ಕೆ ತುಂಬಿಕೊಳ್ಳುತ್ತದೆ. ನೀವು ಪ್ರತಿ ಜಿಗಿತದ ನಂತರ ಮತ್ತೆ ಮುಂದಕ್ಕೇ ಹೋಗಿ ಎಳೆದಿದ್ದೀರಿ. ತುಂಬುವುದಾದರೂ ಯಾವಾಗ?

ಈಗ ಬೆಟ್ಟ. 250ನ್ನು 64ರಿಂದ ಭಾಗಿಸಿದರೆ ಕಿಲೋಗೆ 3.9 ವ್ಯಾಟ್. ಅವನದು 4.2ರ ಹತ್ತಿರ. ಏರಿನಲ್ಲಿ ಅವನೇ ನಿಮಗಿಂತ ಗಟ್ಟಿ. ಆದರೆ ಸೈಕಲ್ಲನ್ನೂ ಮೇಲಕ್ಕೆ ಒಯ್ಯಬೇಕು ನೋಡಿ. ಇಬ್ಬರಿಗೂ 9 ಕೆ.ಜಿ. ಸೇರಿಸಿ ಭಾಗಿಸಿ, ಅಂತರ ಶೇ. 4ರಷ್ಟಕ್ಕೆ ಇಳಿಯುತ್ತದೆ. 25 ನಿಮಿಷದ ಏರಿನಲ್ಲಿ ಅದು ಸುಮಾರು ಒಂದು ನಿಮಿಷ. ಅಂದರೆ ಇಬ್ಬರೂ ಒಟ್ಟಿಗೆ, ದಣಿಯದೆ ಬುಡಕ್ಕೆ ಬಂದರೂ ಅವನೇ ಗೆಲ್ಲುತ್ತಾನೆ. ಆ ಒಂದು ನಿಮಿಷ ನೀವು ಬಯಲಿನಲ್ಲೇ ಸಂಪಾದಿಸಬೇಕು.

ಹೇಗೆ ಅಂದರೆ, ಮೊದಲು ಒಬ್ಬರೇ ಎಳೆಯುವುದು ನಿಲ್ಲಿಸಿ. ನಿಮ್ಮ ಸರದಿ ಅರ್ಧ ನಿಮಿಷ ಮಾಡಿ, ಹಿಂದಿನವನಿಗೆ ಮುಂದೆ ಬಾ ಅಂತ ಮೊಣಕೈ ಅಲ್ಲಾಡಿಸಿ, ಪಕ್ಕಕ್ಕೆ ಸರಿಯಿರಿ. ಮುಂದೆ ಬರಲು ಯಾರಿಗೂ ಮನಸ್ಸಿಲ್ಲದಿದ್ದರೆ ಗುಂಪು ನಿಧಾನವಾಗಲಿ ಬಿಡಿ, ನಿಮ್ಮಪ್ಪನ ಗಂಟೇನೂ ಹೋಗಲ್ಲ. ಯಾರಾದರೂ ಜಿಗಿದರೆ ಹತ್ತು ಸೆಕೆಂಡ್ ಕಾಯಿರಿ, ಗೆಲ್ಲುವ ಆಸೆ ಬೇರೆಯವರಿಗೂ ಇರುತ್ತೆ. ಬುಡಕ್ಕೆ ಏಳೆಂಟು ಕಿಲೋಮೀಟರ್ ಇರುವಾಗ, ಗೆಳೆಯ ಆಗಷ್ಟೇ ಮುಂದೆ ಎಳೆದು ಪಕ್ಕಕ್ಕೆ ಸರಿದ ಗಳಿಗೆಯಲ್ಲಿ, ಹಿಂದಿನಿಂದ ವೇಗ ತಗೊಂಡು ಹೊರಡಿ. ಮೊದಲ ಅರ್ಧ ನಿಮಿಷ ಜೋರು, ಆಮೇಲೆ 250ರ ಆಸುಪಾಸು. ಅವನು ಒಬ್ಬನೇ ಬೆನ್ನಟ್ಟಿದರೆ ಅವನ 225 ನಿಮ್ಮ 250ಕ್ಕೆ ಸಾಲದು. ಇನ್ನೂ ಒಂದಿಬ್ಬರು ನಿಮ್ಮ ಜೊತೆ ಬಂದರೆ ಒಳ್ಳೇದೇ, ಸರದಿ ಹಂಚಿಕೊಳ್ಳಿ.

ಮುಂಗಾರಿನಲ್ಲಿ ಪಡುವಣ ಗಾಳಿ ಜೋರಿದ್ದು ರಸ್ತೆ ಉತ್ತರಕ್ಕೆ ಹೊರಟಿದ್ದರೆ ಮರೆ ಸಿಗುವುದು ಮುಂದಿನವನ ಬಲ ಹಿಂಬದಿಯಲ್ಲಿ. ಟಿವಿಯಲ್ಲಿ ನೋಡಿದ ಹಾಗೆ ರಸ್ತೆ ಪೂರ್ತಿ ಓರೆ ಸಾಲು ಕಟ್ಟಲು ಹೋಗಬೇಡಿ. ಅಲ್ಲಿ ರಸ್ತೆ ಮುಚ್ಚಿರುತ್ತಾರೆ. ಇಲ್ಲಿ ಎದುರಿಗೆ ದ್ರಾಕ್ಷಿ, ಟೊಮೆಟೊ ತುಂಬಿದ ಗಾಡಿ ಬರುತ್ತೆ.

ಏರು ಶುರುವಾದಾಗ ಮೈ ಬಿಸಿ ಇರುತ್ತದೆ, 320 ವ್ಯಾಟ್ ಕೂಡ ಹಗುರ ಅನಿಸುತ್ತದೆ. ನಂಬಬೇಡಿ. ಮೊದಲ ಐದು ನಿಮಿಷ 255 ದಾಟಬೇಡಿ. ಮೀಟರ್ ಕೊಂಡ ದುಡ್ಡು ವಸೂಲಾಗುವುದು ಈ ಐದು ನಿಮಿಷದಲ್ಲೇ. ಗೆಳೆಯ ಪಕ್ಕದಲ್ಲಿ ಹಾದು ಹೋದರೂ ಅವನ ಬೆನ್ನು ನೋಡಬೇಡಿ, ನಿಮ್ಮ ನಂಬರ್ ನೋಡಿ. ದಾಸ್ತಾನು ಉಳಿದಿದ್ದರೆ ಮೇಲಿನ ತಿರುವುಗಳಲ್ಲಿ ಖರ್ಚು ಮಾಡಿ.

ಪ್ರಶ್ನೆ: ಚಿಂತಾಮಣಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಪವರ್ ಮೀಟರ್‌ಗೆ ಅಷ್ಟು ದುಡ್ಡಿಲ್ಲ. ಅದಿಲ್ಲದೆ ರೇಸ್ ಆಡಬಹುದಾ ಸಾರ್?

ಉತ್ತರ: ಧಾರಾಳವಾಗಿ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಮೀಟರ್ ಮಾಡುವ ಮುಂಚೆಯೂ ಜನ ಗೆಲ್ಲುತ್ತಿದ್ದರು. ಏರು ಇರುವ ರಸ್ತೆ, ಗಡಿಯಾರ, ತೂಕದ ಯಂತ್ರ ಇದ್ದರೆ ನಿಮ್ಮ ವ್ಯಾಟ್ ನೀವೇ ಲೆಕ್ಕ ಹಾಕಬಹುದು. ಸೈಕಲ್ ಸೇರಿಸಿ ಒಟ್ಟು ತೂಕವನ್ನು 9.8ರಿಂದ ಗುಣಿಸಿ, ಏರಿದ ಎತ್ತರದಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿ. ಒಟ್ಟು 71 ಕೆ.ಜಿ., 100 ಮೀಟರ್ ಎತ್ತರ, 300 ಸೆಕೆಂಡ್ ಅಂದರೆ ಸುಮಾರು 232 ವ್ಯಾಟ್. ಗಾಳಿ, ಟೈರಿನ ಲೆಕ್ಕಕ್ಕೆ ಇನ್ನೊಂದು ಶೇ. 10 ಸೇರಿಸಿ. ಗಾಳಿ ಇಲ್ಲದ ಬೆಳಗ್ಗೆ, ಕಡಿದಾದ ಏರಿನಲ್ಲಿ ಮಾಡಿದರೆ ಹತ್ತಿರದ ಉತ್ತರ ಬರುತ್ತೆ. ಉಳಿದ ದುಡ್ಡಿಗೆ ಒಳ್ಳೆ ಟೈರ್ ತಗೊಳ್ಳಿ.

ಪ್ರಶ್ನೆ: ಎಡ ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ಹಾಕುವ ಪವರ್ ಮೀಟರ್ ಇದೆ. ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಟ್ರೇನರ್ ಯಂತ್ರಕ್ಕಿಂತ 10 ವ್ಯಾಟ್ ಜಾಸ್ತಿ ತೋರಿಸುತ್ತೆ. ಯಾವುದನ್ನು ನಂಬಲಿ? (ಗೌರಿಬಿದನೂರು)

ಉತ್ತರ: ಆ ಮೀಟರ್ ಎಡಗಾಲಿನ ಲೆಕ್ಕವನ್ನು ಸುಮ್ನೆ ಎರಡರಿಂದ ಗುಣಿಸುತ್ತೆ. ನಿಮ್ಮ ಎಡಗಾಲು ಶೇ. 52 ಕೆಲಸ ಮಾಡಿದರೆ 240 ಇರಬೇಕಾದ್ದು 250 ಆಗುತ್ತದೆ. ಬೆಳಗಿನ ಚಳಿಗೆ ಸೈಕಲ್ ಹೊರಗೆ ತಂದು ಹತ್ತು ನಿಮಿಷ ಬಿಟ್ಟು, ಮೀಟರನ್ನು ಜೀರೋ ಮಾಡಿಕೊಂಡು ಹೊರಡಿ. ರೇಸಿಗೆ ಯಾವ ಮೀಟರ್ ಹಾಕುತ್ತೀರೋ ಎಫ್‌ಟಿಪಿ ಟೆಸ್ಟನ್ನೂ ಅದರಲ್ಲೇ ಮಾಡಿ, ಟ್ರೇನರಿನ ನಂಬರ್ ಮನೆಯಲ್ಲೇ ಇರಲಿ.