ಶಲ್ಯನನ್ನು ಸಾರಥಿ ಮಾಡಿದವನು ನಾನು

ಹೊಸ ಟೀಮ್ ಲೀಡರ್ ಆಗಿದ್ದೀರಿ, ಕೈಕೆಳಗಿನ ಸೀನಿಯರಿಗೆ ಮುನಿಸು. ಕೃಷ್ಣನ ಹಾಗೆ ಸಾಮ, ದಾನದಿಂದ ಒಲಿಸಬಹುದಾ ಅಂತ ಕೇಳಿದ್ದೀರಿ. ದಾನ ನಾನು ಮಾಡಿ ನೋಡಿದ್ದೇನೆ.

ಉಡುಪಿಯಲ್ಲಿ ನನ್ನದು ಸಣ್ಣ ಕೇಟರಿಂಗ್. ಮುಖ್ಯ ಅಡುಗೆ ಒಬ್ಬ ಹುಡುಗನದ್ದು. ಮದುವೆ ಸೀಸನ್‌ಗೆ ಜನ ಸಾಲದೆ ಹಿರಿಯ ಭಟ್ರೊಬ್ಬರನ್ನು ಕರೆತಂದೆ. ಅವರು ತಂಗಿ ಮಗನ ತಂಡಕ್ಕೆ ಹೋಗುವವರಿದ್ದರು. ನಾನು ಅಡ್ವಾನ್ಸ್ ಕೊಟ್ಟು, ಮನೆಗೆ ಕರೆದು ಊಟ ಹಾಕಿ, ದಾಕ್ಷಿಣ್ಯಕ್ಕೆ ಸಿಕ್ಕಿಸಿದೆ.

ಕರೆತಂದದ್ದು ತಪ್ಪಲ್ಲ. ಅವರನ್ನು ಹುಡುಗನ ಪಕ್ಕದ ಒಲೆಗೆ ನಿಲ್ಲಿಸಿದ್ದು ತಪ್ಪು. 'ಸ್ವಲ್ಪ ನೋಡಿಕೊಳ್ಳಿ ಭಟ್ರೇ' ಅಂದೆ. ಯಾರು ಯಾರ ಮಾತು ಕೇಳಬೇಕು ಅಂತ ಹೇಳಲಿಲ್ಲ. ಹುಡುಗನನ್ನಂತೂ ಕೇಳಲೇ ಇಲ್ಲ. ಬೆಳಗಿನ ಜಾವ 4ರಿಂದ ಶುರು: 'ನಮ್ಮ ಕಾಲದಲ್ಲಿ ಹೀಗೆ ತೆಂಗಿನಕಾಯಿ ಅರೆಯುತ್ತಿರಲಿಲ್ಲ', 'ಈ ಹುಳಿಗೆ ಜನ ಎಲೆ ಬಿಟ್ಟು ಏಳ್ತಾರೆ ನೋಡು'. ಹುಡುಗ ಬಾಯಿ ಬಿಡಲಿಲ್ಲ, ಕಿವಿ ಮಾತ್ರ ಕೆಂಪಗಾಗಿತ್ತು. ನಾನು ಅದನ್ನು ಕಂಡೂ ಸುಮ್ನೆ ಇದ್ದೆ.

11 ಗಂಟೆಗೆ ಭಟ್ರು, 'ಬೆಂಕಿ ತಗ್ಗಿಸು ಮಾರಾಯ, ಪಾಯಸ ಅಡಿ ಹಿಡೀತದೆ' ಅಂದರು. ಆ ದಿನ ಅವರು ಆಡಿದ ಒಂದೇ ಒಂದು ಸರಿಯಾದ ಮಾತು. ಹುಡುಗ ಹಠಕ್ಕೆ ಇನ್ನೊಂದು ಕಟ್ಟಿಗೆ ತುರುಕಿದ. ಭಟ್ರು ಸೌಟು ಕೆಳಗಿಟ್ಟು ಬಸ್ ಹತ್ತಿದರು. 600 ಜನರ ಕಡ್ಲೆಬೇಳೆ ಪಾಯಸ ಸೀದ ವಾಸನೆ ಹೊಡೆಯಿತು. ಕೊಪ್ಪರಿಗೆಯ ಅಡಿ ಕೆರೆದದ್ದು ನಾನೇ.

ಆಮೇಲೆ ಒಂದು ರಾತ್ರಿ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದ ಯಕ್ಷಗಾನದಲ್ಲಿ, ಕರ್ಣಪರ್ವ ಕೇಳುತ್ತಾ ಕೂತಿದ್ದೆ. ಶಲ್ಯ ನಕುಲ ಸಹದೇವರ ಸೋದರಮಾವ, ಹೊರಟದ್ದೇ ಪಾಂಡವರ ಕಡೆಗೆ. ದುರ್ಯೋಧನ ದಾರಿಯುದ್ದಕ್ಕೂ ಉಪಚಾರ ಮಾಡಿ ಸೆಳೆದುಕೊಂಡ. ಶಲ್ಯನನ್ನೂ ಸೇರಿಸಿ ಅವನ ಕಡೆ 11 ಅಕ್ಷೌಹಿಣಿ ಸೈನ್ಯ, ಎದುರಿಗೆ ಬರೀ 7. ಆ ಶಲ್ಯನನ್ನು ತಂದು ಸಾರಥಿಯಾಗಿ ಕೂರಿಸಿದ್ದು ಕರ್ಣನ ರಥದಲ್ಲಿ! ದಾರಿಯೆಲ್ಲಾ ಶಲ್ಯನಿಂದ ಕರ್ಣನ ತೇಜೋವಧೆ. ಕೊನೆಗೆ ಕರ್ಣ ಅರ್ಜುನನ ಮೇಲೆ ಸರ್ಪಾಸ್ತ್ರ ಹೂಡಿದಾಗ, 'ಕೊರಳಿಗಲ್ಲ, ಎದೆಗೆ ಗುರಿಯಿಡು' ಅಂತ ಶಲ್ಯ ಸರಿಯಾಗಿಯೇ ಹೇಳಿದ. ಕರ್ಣ ಕೇಳಲಿಲ್ಲ. ಅರ್ಜುನನ ಕಿರೀಟ ಮಾತ್ರ ಹೋಯಿತು. ಶಲ್ಯ ರಥ ಇಳಿದು ನಡೆದ. ಪಕ್ಕದಲ್ಲಿದ್ದವರೆಲ್ಲ ಪಾತ್ರ ವಹಿಸಿದ ಅರ್ಥಧಾರಿಯ ಮಾತಿಗೆ ತಲೆದೂಗುತ್ತಿದ್ದರೆ ನನಗೆ ಪಾಯಸದ ವಾಸನೆ ಬರುತ್ತಿತ್ತು.

ಹಾಗಾಗಿ ಕೃಷ್ಣನನ್ನು ಬಿಡಿ. ಅವನ ಬುದ್ಧಿ ನಮಗೆಲ್ಲಿಂದ ಬರಬೇಕು? ದುರ್ಯೋಧನ ಎಲ್ಲಿ ಎಡವಿದ ಅಂತ ನೋಡಿ, ನಮ್ಮ ಅಳತೆಗೆ ಅವನೇ ಸರಿ. ಸೀನಿಯರನ್ನು ಒಲಿಸಲು ಹೋಗಬೇಡಿ. ಅವರಿಗೆ ಬೇರೆಯೇ ಒಂದು ಕೆಲಸ ಪೂರ್ತಿಯಾಗಿ ಬಿಟ್ಟುಕೊಡಿ, ಲೆಕ್ಕ ನಿಮಗೇ ಒಪ್ಪಿಸಲಿ. ಕಿರಿಯರ ಪಕ್ಕ ಮಾತ್ರ ಕೂರಿಸಬೇಡಿ.

ಹುಡುಗ ಈಗಲೂ ನನ್ನ ಜೊತೆಗಿದ್ದಾನೆ. ಪಾಯಸ ಇಟ್ಟರೆ ನನ್ನನ್ನೂ ಹತ್ತಿರ ಬಿಡುವುದಿಲ್ಲ.