ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ನೀರಿನ ಲೆಕ್ಕ

ಪ್ರಶ್ನೆ: ನಮ್ಮದು ನಾಲ್ಕು ಜನರ ಸಂಸಾರ. ಬೋರ್‌ವೆಲ್ ಇಲ್ಲ, ಕಾವೇರಿ ನೀರು ಮಾತ್ರ. ಕೆಲವು ತಿಂಗಳಿಂದ ಬಿಲ್ಲಿನಲ್ಲಿ ತಿಂಗಳಿಗೆ 32 ಸಾವಿರ ಲೀಟರ್ ಬಳಕೆ ಎಂದು ಬರುತ್ತಿದೆ. ಮೀಟರೇ ಸರಿಯಿಲ್ಲ ಎನ್ನುತ್ತಾರೆ ನಮ್ಮ ಯಜಮಾನರು. ನಾವೇ ನೀರನ್ನು ಸುರಿಯುತ್ತಿದ್ದೇವೆ ಎನ್ನುತ್ತಾರೆ ನಮ್ಮ ಅತ್ತೆಯವರು. ಯಾರ ಮಾತು ನಿಜ? — ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನೀವು ಕೊಟ್ಟ ಅಂಕಿಯನ್ನು ಮೂವತ್ತು ದಿನಕ್ಕೂ ನಾಲ್ಕು ಜನಕ್ಕೂ ಹಂಚಿದರೆ ತಲೆಗೆ ದಿನಕ್ಕೆ ಸುಮಾರು 267 ಲೀಟರ್ ಆಗುತ್ತದೆ. ಒಳಚರಂಡಿ ಇರುವ ನಗರಗಳಿಗೆ ನಮ್ಮಲ್ಲಿ ರೂಢಿಯಲ್ಲಿರುವ ಮಾನದಂಡ 135 ಲೀಟರ್. ನಿಮ್ಮದು ಅದರ ಸರಿಸುಮಾರು ಎರಡರಷ್ಟು. ಕೈಯಾರೆ ಸುರಿದು ಇಷ್ಟು ಖರ್ಚಾಗುವುದು ಅಪರೂಪವಾದ್ದರಿಂದ ಎಲ್ಲೋ ಸೋರಿಕೆ ಇರಬೇಕೆಂದು ನನಗನ್ನಿಸುತ್ತದೆ. ಆದರೆ ಬರೀ ಅನ್ನಿಸಿಕೆಯ ಮೇಲೆ ಗೋಡೆ ಒಡೆಸಬೇಡಿ, ಮೊದಲು ಅಳೆಯಿರಿ.

ಬೀದಿ ಕೊಳವೆಯಿಂದ ಸಂಪಿಗೆ ಇಳಿಯುವ ನೀರನ್ನಷ್ಟೇ ಮೀಟರ್ ಎಣಿಸುತ್ತದೆ. ಆಮೇಲೆ ಅದು ಎಲ್ಲಿಗೆ ಹೋಯಿತೆಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಸಂಪನ್ನೇ ಅಳತೆಪಾತ್ರೆ ಮಾಡಿಕೊಳ್ಳಿ. ಅದರ ಒಳ ಉದ್ದವನ್ನು ಅಗಲದಿಂದ ಅಡಿಗಳಲ್ಲಿ ಗುಣಿಸಿ, ಬಂದ ಸಂಖ್ಯೆಯನ್ನು ಮತ್ತೆ 2.36ರಿಂದ ಗುಣಿಸಿದರೆ ಒಂದು ಅಂಗುಲ ನೀರಿನಲ್ಲಿ ಎಷ್ಟು ಲೀಟರ್ ಇದೆಯೆಂದು ತಿಳಿಯುತ್ತದೆ. ಆರು ಅಡಿಗೆ ಐದು ಅಡಿಯ ಸಂಪಾದರೆ ಅಂಗುಲಕ್ಕೆ ಸುಮಾರು 71 ಲೀಟರ್. ನೀರು ಬಿಡುವ ದಿನ ಮೋಟಾರ್ ಹಾಕದೆ, ನೀರು ಬರುವ ಮೊದಲು ಮತ್ತು ನಿಂತ ಮೇಲೆ ಮೀಟರಿನ ಅಂಕಿಯನ್ನೂ, ಕೋಲು ಇಳಿಬಿಟ್ಟು ಸಂಪಿನ ಮಟ್ಟವನ್ನೂ ಬರೆದಿಟ್ಟುಕೊಳ್ಳಿ. ಮೀಟರ್ ಒಂದು ಘನ ಮೀಟರ್ ಏರಿದೆಯೆಂದರೆ ಸಂಪಿಗೆ 1000 ಲೀಟರ್ ಬಿದ್ದಿರಬೇಕು. ಎರಡೂ ಹೆಚ್ಚುಕಡಿಮೆ ಹೊಂದಿದರೆ ಮೀಟರಿನ ಮೇಲಿನ ಆರೋಪ ಬಿದ್ದುಹೋಯಿತು. ಆದರೂ ಯಜಮಾನರ ಶಂಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳಲ್ಲಿ ಮೊದಲಿಗೆ ನುಗ್ಗುವ ಗಾಳಿಯೂ ಮೀಟರಿನ ಚಕ್ರವನ್ನು ತಿರುಗಿಸಬಲ್ಲದು. ವ್ಯತ್ಯಾಸ ದೊಡ್ಡದಾಗಿದ್ದರೆ ಈ ಲೆಕ್ಕವನ್ನೇ ದೂರಿನ ಜೊತೆಗೆ ಕೊಡಿ.

ಎರಡನೆಯ ಪರೀಕ್ಷೆ ರಾತ್ರಿಯದು. ಎಲ್ಲರೂ ಮಲಗುವ ಹೊತ್ತಿಗೆ ಬೀದಿ ಕಡೆಯ ವಾಲ್ವನ್ನು ಮುಚ್ಚಿ, ಸಂಪಿನಲ್ಲೂ ಮೇಲಿನ ಟ್ಯಾಂಕಿನಲ್ಲೂ ನೀರಿನ ಮಟ್ಟವನ್ನು ಗುರುತು ಮಾಡಿ, ಬೆಳಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಮತ್ತೆ ನೋಡಿ. ಸಂಪು ಇಳಿದಿದ್ದರೆ ಬಿರುಕು ಅದರ ತಳದಲ್ಲೋ ಗೋಡೆಯಲ್ಲೋ ಇದೆ. ಟ್ಯಾಂಕ್ ಇಳಿದಿದ್ದರೆ ಸೋರಿಕೆ ಮನೆಯೊಳಗಿನದು. ಮೂರೂವರೆ ಅಡಿ ಅಗಲದ ದುಂಡು ಟ್ಯಾಂಕಿನಲ್ಲಿ ಒಂದು ಅಂಗುಲ ಎಂದರೆ ಸುಮಾರು 23 ಲೀಟರ್. ಏಳು ಗಂಟೆಯಲ್ಲಿ ಎರಡೇ ಅಂಗುಲ ಇಳಿದರೂ ದಿನಕ್ಕೆ 150 ಲೀಟರಿಗೂ ಹೆಚ್ಚು ಹೋಗುತ್ತಿದೆ ಎಂದಾಯಿತು.

ಮನೆಯೊಳಗಿನ ಸೋರಿಕೆಯಾದರೆ ಮೊದಲು ಸಂಶಯಪಡಬೇಕಾದದ್ದು ಶೌಚಾಲಯದ ಫ್ಲಶ್ ತೊಟ್ಟಿಯನ್ನು. ತೊಟ್ಟಿಕ್ಕುವ ನಲ್ಲಿಯ ಸದ್ದು ಕೇಳಿಸುತ್ತದೆ, ಆದರೆ ಫ್ಲಶ್ಶಿನ ವಾಷರ್ ಸವೆದಾಗ ನೀರು ಪಿಂಗಾಣಿಯ ಮೇಲೆ ತೆಳ್ಳಗೆ ಹರಿಯುವುದರಿಂದ ಸದ್ದೂ ಇರುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕೈದು ಹನಿ ತೊಟ್ಟಿಯೊಳಗೆ ಬಿಟ್ಟು, ಅರ್ಧ ಗಂಟೆ ಫ್ಲಶ್ ಮಾಡದೆ ಕಾಯಿರಿ. ಬೇಸಿನ್ನಿನ ಒಳಗೆ ನೀಲಿ ಗೆರೆ ಇಳಿದಿದ್ದರೆ ವಾಷರ್ ಬದಲಿಸಬೇಕು. ಅದು ದೊಡ್ಡ ಖರ್ಚಿನ ಕೆಲಸವೇನಲ್ಲ. ಟ್ಯಾಂಕಿನ ಓವರ್‌ಫ್ಲೋ ಪೈಪು ಮಳೆನೀರಿನ ಕೊಳವೆಗೆ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಹಾಗಿದ್ದರೆ ಮೋಟಾರ್ ಆರಿಸಲು ಮರೆತ ದಿನ ನೀರು ಚರಂಡಿಗೆ ಹೋದರೂ ಯಾರಿಗೂ ತಿಳಿಯುವುದಿಲ್ಲ. ಆ ಪೈಪಿನ ಬಾಯಿ ಕಣ್ಣಿಗೆ ಬೀಳುವ ಕಡೆ ಇರಲಿ, ಸಾಧ್ಯವಾದರೆ ಸಂಪಿಗೇ ಹಿಂತಿರುಗಲಿ.

ಪ್ರಶ್ನೆ: ನಲ್ಲಿಗಳಿಗೆಲ್ಲ ಏರೇಟರ್ ಹಾಕಿಸಿದರೂ ನಮ್ಮ ಮನೆಯಲ್ಲಿ ನೀರಿನ ಖರ್ಚು ಅಷ್ಟೇನೂ ಇಳಿದಿಲ್ಲ. ಕಾರಣವೇನು? — ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಏರೇಟರ್ ಎಂದರೆ ನಲ್ಲಿಯ ಬಾಯಿಗೆ ಸಿಕ್ಕಿಸುವ, ನೀರಿಗೆ ಗಾಳಿ ಬೆರೆಸುವ ಪುಟ್ಟ ಜಾಲರಿ; ಅದು ಹರಿವಿನ ವೇಗವನ್ನು ತಗ್ಗಿಸುತ್ತದೆ. 2024ರ ಮಾರ್ಚಿನ ಬರದಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡ, ಹೋಟೆಲ್ ಮುಂತಾದ ಕಡೆ ಅದನ್ನು ಕಡ್ಡಾಯ ಮಾಡಿದ್ದು ಸರಿಯೇ, ಏಕೆಂದರೆ ಅಲ್ಲಿ ನೀರು ಹೆಚ್ಚಾಗಿ ಕೈತೊಳೆಯುವ ಬೇಸಿನ್ನಿನಲ್ಲಿ ಹರಿಯುತ್ತದೆ. ನಮ್ಮ ಮನೆಗಳಲ್ಲಿ ಬಹುಪಾಲು ನೀರು ಬಕೆಟ್ಟಿಗೆ ಬೀಳುತ್ತದೆ. ಇಪ್ಪತ್ತು ಲೀಟರಿನ ಬಕೆಟ್ಟು ಬೇಗ ತುಂಬಿದರೂ ನಿಧಾನವಾಗಿ ತುಂಬಿದರೂ ಇಪ್ಪತ್ತು ಲೀಟರೇ. ಅಡುಗೆಮನೆಯ ಸಿಂಕ್ ಮತ್ತು ವಾಷ್‌ಬೇಸಿನ್ ಬಿಟ್ಟು ಬೇರೆಡೆ ಏರೇಟರ್ ಹಾಕಿಸುವುದು ದುಡ್ಡು ದಂಡ.

ಮೊದಲು ಹೇಳಿದ 135 ಲೀಟರಿನ ಹಂಚಿಕೆಯನ್ನು ಭಾರತೀಯ ಮಾನಕ ಹೀಗೆ ಮಾಡುತ್ತದೆ: ಸ್ನಾನಕ್ಕೆ 55, ಫ್ಲಶ್ಶಿಗೆ 30, ಬಟ್ಟೆಗೆ 20, ಪಾತ್ರೆಗೆ 10, ನೆಲ ತೊಳೆಯಲು 10, ಅಡುಗೆಗೆ 5, ಕುಡಿಯಲು 5. ಅಂದರೆ ಉಳಿಸುವ ದಾರಿ ಬಚ್ಚಲಲ್ಲಿ ಮತ್ತು ಶೌಚಾಲಯದಲ್ಲಿದೆ. ನಿಮಿಷಕ್ಕೆ ಹತ್ತು ಲೀಟರ್ ಸುರಿಸುವ ಷವರಿನಡಿ ಎಂಟು ನಿಮಿಷ ನಿಂತರೆ 80 ಲೀಟರ್. ಒಂದೂವರೆ ಬಕೆಟ್ಟಿನಲ್ಲಿ ಸ್ನಾನ ಮುಗಿಸುವವರಿಗೆ 30 ಸಾಕು. ಹಳೆಯ ಫ್ಲಶ್ ಒಂದೊಂದು ಸಲಕ್ಕೂ ಹತ್ತು ಲೀಟರ್ ಅಥವಾ ಇನ್ನೂ ಹೆಚ್ಚು ಬಿಡುತ್ತದೆ. ಎರಡು ಗುಂಡಿಯದಾದರೆ ಮೂರು ಇಲ್ಲವೇ ಆರು ಲೀಟರ್. ಬದಲಿಸಲಾಗದಿದ್ದರೆ ನೀರು ತುಂಬಿ ಮುಚ್ಚಳ ಬಿಗಿದ ಲೀಟರ್ ಬಾಟಲಿಯೊಂದನ್ನು ತೊಟ್ಟಿಯೊಳಗೆ ಇಡಿ. ಇಟ್ಟಿಗೆ ಬೇಡ, ಅದು ಕರಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಸೋಲಾರ್ ಹೀಟರ್ ಇರುವ ಮನೆಗಳಲ್ಲಿ ಇನ್ನೊಂದು ಪೋಲು ನಡೆಯುತ್ತದೆ. ಬಿಸಿನೀರು ಬರುವವರೆಗೆ ಪೈಪಿನಲ್ಲಿ ತಣ್ಣಗಾಗಿ ನಿಂತ ನೀರನ್ನು ಅನೇಕರು ಬಚ್ಚಲ ಮೋರಿಗೆ ಬಿಡುತ್ತಾರೆ. ಹೇಗೂ ಬಿಸಿನೀರಿಗೆ ತಣ್ಣೀರು ಬೆರೆಸಿಯೇ ಸ್ನಾನ ಮಾಡುವುದರಿಂದ ಮೊದಲ ಹನಿಯಿಂದಲೇ ಬಕೆಟ್ಟನ್ನು ಬಿಸಿನೀರಿನ ನಲ್ಲಿಯ ಕೆಳಗಿಟ್ಟು, ಅದು ಅರ್ಧ ತುಂಬಿದ ಮೇಲೆ ಹದ ನೋಡಿಕೊಳ್ಳಬಹುದು.

ಪ್ರಶ್ನೆ: ನಮ್ಮಲ್ಲಿ ನೀರು ಬರುವುದು ಐದಾರು ದಿನಕ್ಕೊಮ್ಮೆ. ಹೊಸ ನೀರು ಬಂದಾಗ ಡ್ರಮ್ಮಿನ ಹಳೆಯ ನೀರನ್ನು ಚೆಲ್ಲುವುದು ರೂಢಿ. ನೀರು ಹಳಸುತ್ತದೆಯೇ? — ಗೃಹಿಣಿ, ಹುಬ್ಬಳ್ಳಿ

ಉತ್ತರ: ಮುಚ್ಚಿಟ್ಟ ಶುದ್ಧ ನೀರು ಐದಾರು ದಿನಕ್ಕೆ ಹಳಸುವುದಿಲ್ಲ. ಅದರಲ್ಲಿರುವ ಕ್ಲೋರಿನ್ ಮಾತ್ರ ಕ್ರಮೇಣ ಇಲ್ಲವಾಗುವುದರಿಂದ ಕುಡಿಯುವುದಕ್ಕಾದರೆ ಕುದಿಸಿ. ಬಟ್ಟೆ, ನೆಲ, ಶೌಚಾಲಯಕ್ಕೆ ಅದೇ ನೀರು ನಿಶ್ಚಿಂತೆಯಾಗಿ ಆಗುತ್ತದೆ. ಆದರೆ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆಯನ್ನು ಉಜ್ಜಿ ತೊಳೆಯಬೇಕೆಂಬ ಆರೋಗ್ಯ ಇಲಾಖೆಯ ಮಾತನ್ನು ಬಿಡಬೇಡಿ: ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ, ಮತ್ತು ಆ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಎರಡನ್ನೂ ಹೊಂದಿಸಲು, ನೀರು ಬರುವ ಹಿಂದಿನ ದಿನವನ್ನು ಚಾದರ, ರಗ್ಗು ಒಗೆಯುವ ದಿನವಾಗಿಟ್ಟುಕೊಂಡು ಅಂದೇ ಡ್ರಮ್ ಖಾಲಿ ಮಾಡಿ.

ಪ್ರಶ್ನೆ: ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಗಿಡಗಳಿಗೆ ಹಾಕಬಹುದೇ? — ಓದುಗರೊಬ್ಬರು, ತುಮಕೂರು

ಉತ್ತರ: ಅದರಲ್ಲಿ ಲವಣ ಸಾಂದ್ರವಾಗಿರುವುದರಿಂದ ಕುಂಡದ ಗಿಡಗಳಿಗೆ ದಿನವೂ ಹಾಕುವುದು ಬೇಡ, ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಒಂದು ಲೀಟರ್ ಕುಡಿಯುವ ನೀರಿಗೆ ಸಾಮಾನ್ಯ ಯಂತ್ರ ಎರಡು ಮೂರು ಲೀಟರ್ ಹೊರಹಾಕುತ್ತದೆ. ಅದಕ್ಕಿಂತ ಮುಂಚಿನ ಪ್ರಶ್ನೆ ನಿಮಗೆ ಆರ್‌ಒ ಬೇಕೇ ಎಂಬುದು. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವ ಕಡೆ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಸೂಚಿಸಿತ್ತು. ನಿಮ್ಮದು ಗಡುಸು ಬೋರ್‌ವೆಲ್ ನೀರಾದರೆ ಯಂತ್ರ ಇರಲಿ. ನದಿಯ ನೀರಾದರೆ ಲವಣಾಂಶ ಪರೀಕ್ಷೆ ಮಾಡಿಸಿ. 500ಕ್ಕಿಂತ ಕೆಳಗಿದ್ದರೆ ಸಾಮಾನ್ಯ ಫಿಲ್ಟರ್ ಮತ್ತು ಕುದಿಸುವಿಕೆ ಸಾಕಾಗುತ್ತದೆ.