ಜೈಲೇನು ಮಾವನ ಮನೆಯೇ?

ಅರಸೀಕೆರೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಕಳ್ಳಕಾಕರಿಗೂ ಜೈಲಲ್ಲಿ ರಂಜಾನ್ ಊಟ, ಅಯ್ಯಪ್ಪ ಮಾಲೆ, ಭಜನೆ! ದೇವರ ಭಯ ಇದ್ದಿದ್ದರೆ ಒಳಗೆ ಹೋಗುತ್ತಿದ್ದರೇ? ಜೈಲೇನು ಮಾವನ ಮನೆಯೇ?"

ಮೇಷ್ಟ್ರೇ, ನಿಮ್ಮ ಅಕ್ಷರ ನೋಡಿದರೆ ಮುದ್ರಣದವರಿಗೇ ನಾಚಿಕೆಯಾಗಬೇಕು. ಕೋಪವೂ ಸುಮ್ಮನೆ ಬಂದದ್ದಲ್ಲ. ಪ್ರಸಾದದ ಪೊಟ್ಟಣದಲ್ಲಿ ಗಾಂಜಾ, ಸಿಮ್ ಕಾರ್ಡು ಸಾಗಿಸಲು ನೋಡುವವರಿದ್ದಾರೆ. ತಪಾಸಣೆ ಬೇಕೇ ಬೇಕು. ಆದರೆ ನೀವು ಹೇಳುವ ಆ ರಾಜೋಪಚಾರ ಎಂಥದ್ದು ಅಂತ ಸ್ವಲ್ಪ ಕೇಳಿ.

ಹಾಸನದ ನಮ್ಮ ಕಚೇರಿಗೆ ಪೇಪರ್ ಓದಲು ಬರುವ ಹಳೇ ವಾರ್ಡರ್ ಒಬ್ಬರಿದ್ದಾರೆ. ಅವರು ಹೇಳಿದ್ದು ಇದು. ರಾತ್ರಿ ಊಟ ಸಂಜೆ ಐದಕ್ಕೇ ಬಡಿಸಿ, ತಲೆ ಎಣಿಸಿ, ಬ್ಯಾರಕ್ಕಿಗೆ ಬೀಗ ಹಾಕುತ್ತಿದ್ದರಂತೆ. ಉಪವಾಸ ಇದ್ದವನು ಮುದ್ದೆ, ಸಾರು ಇಸ್ಕೊಂಡು, ಮೇಲೊಂದು ತಟ್ಟೆ ಮುಚ್ಚಿ, ಟವೆಲ್ ಸುತ್ತಿ ಇಟ್ಟುಕೊಳ್ಳುತ್ತಿದ್ದ. ಹೊತ್ತು ಮುಳುಗುವಷ್ಟರಲ್ಲಿ ಮುದ್ದೆ ಗಟ್ಟಿ, ಸಾರು ತಣ್ಣಗೆ. ಕೆಲವರು ಅದನ್ನೇ ಮುರಿದು ನೀರಲ್ಲಿ ನೆನೆಸಿ ತಿನ್ನುತ್ತಿದ್ದರು. ಅದೇ ಬ್ಯಾರಕ್ಕಿನಲ್ಲಿ ಒಬ್ಬ ಜೈನ ಹುಡುಗ. ಕತ್ತಲಾದ ಮೇಲೆ ಉಣ್ಣದವನಿಗೆ ಐದು ಗಂಟೆಯ ಊಟ ಅನುಕೂಲವೇ. ಆದರೆ ಸಾರಿನ ತುಂಬ ಈರುಳ್ಳಿ, ಬೆಳ್ಳುಳ್ಳಿ! ಬರೀ ಅನ್ನ ಮಜ್ಜಿಗೆಯಲ್ಲಿ ಕಾಲ ತಳ್ಳಿದ. ಮಾವನ ಮನೆಯಲ್ಲಿ ಹೀಗೆ ಬಡಿಸಿದರೆ ಅಳಿಯ ಮತ್ತೆ ಆ ಕಡೆ ತಲೆ ಹಾಕುತ್ತಾನಾ?

ಇದು ಇವತ್ತಿನ ಜಗಳ ಅಲ್ಲ. 1855ರಲ್ಲಿ ಬಿಹಾರದ ಆರಾ, ಮುಜಫ್ಫರ್‌ಪುರ ಜೈಲುಗಳಲ್ಲಿ ಕೈದಿಗಳ ಹಿತ್ತಾಳೆ ಚೊಂಬು ಕಿತ್ತುಕೊಂಡು ಮಣ್ಣಿನದು ಕೊಟ್ಟರು. ಮೈಲಿಗೆ ಅಂತ ದೊಡ್ಡ ಗಲಾಟೆಯಾಯಿತು, ಸರ್ಕಾರವೇ ಹಿಂದೆ ಸರಿಯಿತು. 1979ರಲ್ಲಿ ತಿಹಾರ್ ಕೈದಿಯೊಬ್ಬನ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು. (ಪತ್ರಗಳಿಗೆ ಅಂಥ ಕಾಲವೂ ಇತ್ತು!) ಜೈಲು ಬಾಗಿಲು ದಾಟಿದ ಮಾತ್ರಕ್ಕೆ ಮೂಲಭೂತ ಹಕ್ಕು ಹೊರಗೇ ಉಳಿಯುವುದಿಲ್ಲ ಎಂದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್.

ನನ್ನ ಹೊಟ್ಟೆ ಉರಿಸುವುದು ಬೇರೆಯೇ. ನಮಾಜಿನ ಚಾಪೆಗೆ, ಜಪಮಾಲೆಗೆ ನೂರೆಂಟು ರೂಲ್ಸ್ ಹೇಳುವ ವ್ಯವಸ್ಥೆ, ಜಾತಿಯನ್ನು ಮಾತ್ರ ಕೇಳದೆಯೇ ಸಾಕಿಕೊಂಡು ಬಂತು. ಅಡುಗೆಗೆ ಮೇಲ್ಜಾತಿಯವರು, ಕಕ್ಕಸು ತೊಳೆಯಲು ಕೆಳಜಾತಿಯವರು ಎಂಬ ಅರ್ಥದ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಯಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದವು. ಸುಪ್ರೀಂ ಕೋರ್ಟ್ ಅವನ್ನು ರದ್ದು ಮಾಡಿದ್ದು 2024ರ ಅಕ್ಟೋಬರ್ 3ರಂದು. ಅಲ್ಲಿವರೆಗೆ ನೀವೂ ಪತ್ರ ಬರೆದಿರಲಿಲ್ಲ ಅಲ್ವಾ?

ಇನ್ನು "ಕಳ್ಳಕಾಕರು" ಅಂದಿರಿ. 2022ರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ಜಾಮೀನು ಮಂಜೂರಾದರೂ ಹೊರಗೆ ಬರಲಾಗದವರು ಇವರಲ್ಲಿದ್ದಾರೆ. ಸಕಲೇಶಪುರದ ಕಾಫಿ ತೋಟಕ್ಕೆ ಅಸ್ಸಾಂ ಕಡೆಯಿಂದ ಬಂದ ಕೂಲಿಯವನಿಗೆ ಪಹಣಿ ಹಿಡಿದು ಶ್ಯೂರಿಟಿ ನಿಲ್ಲುವವರು ಯಾರು? ವರ್ಷಾನುಗಟ್ಟಲೆ ಓಡಾಡುವ ವಕೀಲರು ಯಾರು? ದುಡ್ಡಿದ್ದವನು ವಾರದೊಳಗೆ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ನಮ್ಮ ಪೇಪರಿನವರೂ ಅವನ ಫೋಟೋ ಹಾಕುತ್ತಾರೆ, ನಾವೂ ಸೇರಿ.

ಮೇಷ್ಟ್ರೇ, ಮುಂದಿನ ಪತ್ರ ಈ ಶ್ಯೂರಿಟಿ ಬಗ್ಗೆ ಬರೆಯಿರಿ. ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.

— ಸಂ.